ಕರೆಂಟು ಹೋಗುವ ಹೊತ್ತಿಗೆ ಬೇಕಾದ ಸರ್ಕ್ಯೂಟು

ಲೇಸರ್ ಡಯೋಡ್ ಸತ್ತ ಮೇಲೂ ಬೆಳಗುತ್ತದೆ. ಬಲ್ಬು ಹೋದರೆ ಕತ್ತಲಾಗುತ್ತದೆ, ಫ್ಯೂಸ್ ಹೋದರೆ ಮೀಟರಿನಲ್ಲಿ ಕಾಣುತ್ತದೆ, ಇದು ಹಾಗಲ್ಲ. ಮುಖ ಸುಟ್ಟುಹೋದ ಡಯೋಡ್ ಕೆಂಪಗೆ ಮಿನುಗುತ್ತಲೇ ಇರುತ್ತದೆ. ಲೆನ್ಸಿನ ಮುಂದೆ ಕಾಗದ ಹಿಡಿದರೆ ಚೂಪಾದ ಚುಕ್ಕೆಯ ಜಾಗದಲ್ಲಿ ಮಂಕು ಬೆಳಕು, ಅಷ್ಟೇ ವ್ಯತ್ಯಾಸ. "ಸಾರ್, ಸ್ವಲ್ಪ ಡಿಮ್ ಆಗಿದೆ, ಲೆನ್ಸ್ ಒರೆಸಿ ಕೊಡಿ" ಎಂದು ಪೆಟ್ಟಿಗೆ ಹಿಡಿದು ಬಂದವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರಿಗೆ ಸುದ್ದಿ ಹೇಳುವ ಮೊದಲು ನಾವೊಂದು ಗ್ರಾಫ್ ಹಾಕುತ್ತಿದ್ದೆವು. ಅಡ್ಡಕ್ಕೆ ಕರೆಂಟು, ಉದ್ದಕ್ಕೆ ಬೆಳಕು. ಆರೋಗ್ಯವಾಗಿರುವ 5 ಮಿಲಿವ್ಯಾಟಿನ ಕೆಂಪು ಡಯೋಡಿನ ಗೆರೆ 20-30 ಮಿಲಿಆಂಪಿಯರ್‌ವರೆಗೆ ತಳಕ್ಕೆ ಅಂಟಿಕೊಂಡೇ ಸಾಗಿ, ಅಲ್ಲೊಂದು ಕಡೆ ಸಟ್ಟನೆ ತಿರುಗಿ ಮೇಲೇರುತ್ತದೆ. ಆ ತಿರುವೇ ಥ್ರೆಶೋಲ್ಡ್. ಸತ್ತದ್ದರ ಗೆರೆಗೆ ತಿರುವೇ ಇರುವುದಿಲ್ಲ. ಸಾಧಾರಣ ಎಲ್‌ಇಡಿಯಂತೆ ಓರೆಯಾಗಿ ಹೋಗುತ್ತದೆ. ಗ್ರಾಫ್ ತೋರಿಸಿದರೂ ಕೆಲವರು ಒಪ್ಪುತ್ತಿರಲಿಲ್ಲ. ಕಣ್ಣಮುಂದೆ ಉರಿಯುತ್ತಿರುವುದನ್ನು ಸತ್ತಿದೆ ಎಂದರೆ ಯಾರು ತಾನೇ ನಂಬುತ್ತಾರೆ?

ಇದು ತೊಂಬತ್ತರ ದಶಕದ ಬೆಂಗಳೂರಿನ ಮಾತು. ಪೀಣ್ಯದ ಕಡೆ, ಶೀಟು ಹೊದಿಸಿದ ಷೆಡ್ಡಿನಲ್ಲಿ ಕಾಲೇಜುಗಳಿಗೂ ಸಂಶೋಧನಾಲಯಗಳಿಗೂ ಸಣ್ಣಪುಟ್ಟ ಉಪಕರಣ ಮಾಡಿಕೊಡುವ ಕೆಲಸ ನಮ್ಮದು. ಅದಕ್ಕೂ ಹಿಂದೆ ಲೇಸರ್ ಎಂದರೆ ಹೀಲಿಯಂ-ನಿಯಾನ್ ಕೊಳವೆ. ಗಾಜಿನ ಉದ್ದನೆಯ ಕೊಳವೆ, ಸಾವಿರ ವೋಲ್ಟು ಮೀರಿದ ಪವರ್ ಸಪ್ಲೈ, ಮುಟ್ಟಿದವನ ಗತಿ ಕೇಳಬೇಡಿ. ಆದರೆ ಕೊಳವೆ ಮಾತ್ರ ವರ್ಷಗಟ್ಟಲೆ ತಕರಾರಿಲ್ಲದೆ ಉರಿಯುತ್ತಿತ್ತು. ಡಯೋಡ್ ಬಂದ ಮೇಲೆ ಲೆಕ್ಕ ತಿರುಗುಮುರುಗಾಯಿತು. ಎರಡು ಚಿಲ್ಲರೆ ವೋಲ್ಟು, ಮುಟ್ಟಿದರೆ ಮನುಷ್ಯನ ಕೈಗೆ ಏನೂ ಆಗದು. ಮನುಷ್ಯನ ಕೈಯಿಂದ ಡಯೋಡಿಗೇ ಆಗುವುದು.

1962ರಲ್ಲಿ ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ರಾಬರ್ಟ್ ಹಾಲ್ ಮೊದಲ ಬಾರಿಗೆ ಸೆಮಿಕಂಡಕ್ಟರ್ ಲೇಸರ್ ಬೆಳಗಿಸಿದಾಗ ಅದನ್ನು ದ್ರವ ನೈಟ್ರೋಜನ್ನಿನ ಚಳಿಯಲ್ಲಿಟ್ಟು, ಸಣ್ಣ ಸಣ್ಣ ಪಲ್ಸುಗಳಲ್ಲಿ ಮಾತ್ರ ಓಡಿಸಬೇಕಾಗಿತ್ತು. ಕೋಣೆಯ ಉಷ್ಣಾಂಶದಲ್ಲಿ ಬಿಡದೆ ಬೆಳಗುವಂತಾದದ್ದು 1970ರಲ್ಲಿ: ಲೆನಿನ್‌ಗ್ರಾಡಿನಲ್ಲಿ ಜೋರೆಸ್ ಆಲ್ಫೆರೋವ್ ಅವರ ತಂಡ, ಬೆಲ್ ಲ್ಯಾಬ್ಸ್‌ನಲ್ಲಿ ಹಯಾಶಿ ಮತ್ತು ಪ್ಯಾನಿಶ್. ಆಲ್ಫೆರೋವ್ ಅವರಿಗೆ 2000ದಲ್ಲಿ ನೊಬೆಲ್ ಪಾಲು ಸಿಕ್ಕಿತು. ಆದರೆ ನಮ್ಮ ಷೆಡ್ಡಿಗೆ ಡಯೋಡ್ ತಲುಪಿಸಿದ್ದು ಭೌತಶಾಸ್ತ್ರವಲ್ಲ, ಸಂಗೀತ. 1982ರಲ್ಲಿ ಸಿಡಿ ಪ್ಲೇಯರ್ ಮಾರುಕಟ್ಟೆಗೆ ಬಂತು, 780 ನ್ಯಾನೊಮೀಟರಿನ ಡಯೋಡುಗಳು ಲಕ್ಷಗಟ್ಟಲೆ ತಯಾರಾಗತೊಡಗಿದವು, ಬೆಲೆ ನಮ್ಮಂಥವರ ಕೈಗೆಟುಕಿತು.

ಇಷ್ಟು ಸೂಕ್ಷ್ಮ ಯಾಕೆ ಎಂದು ಗಿರಾಕಿಗಳು ಕೇಳುತ್ತಿದ್ದರು. ಲೋಹದ ಟೋಪಿಯೊಳಗೆ ಇರುವ ಚಿಪ್ಪಿನ ಉದ್ದ ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು. ಬೆಳಕು ಹೊರಬೀಳುವ ಕಿಂಡಿ ಇನ್ನೂ ಸಣ್ಣದು, ಒಂದು ಮೈಕ್ರಾನ್ ಎತ್ತರ, ಮೂರು ಮೈಕ್ರಾನ್ ಅಗಲ ಅಂದುಕೊಳ್ಳಿ. ಅಷ್ಟರಲ್ಲಿ 5 ಮಿಲಿವ್ಯಾಟ್ ತೂರಿದರೆ ಚದರ ಸೆಂಟಿಮೀಟರಿಗೆ ಒಂದೂವರೆ ಲಕ್ಷ ವ್ಯಾಟಿಗೂ ಮೀರಿದ ಲೆಕ್ಕವಾಯಿತು. ಆ ಮುಖದಲ್ಲಿ ಎಲ್ಲೋ ಒಂದಿಷ್ಟು ಬೆಳಕು ಹೀರಿಕೊಂಡು ಬಿಸಿಯಾಗುತ್ತದೆ, ಬಿಸಿಯಾದ ಜಾಗ ಇನ್ನಷ್ಟು ಹೀರುತ್ತದೆ, ಇನ್ನಷ್ಟು ಬಿಸಿ. ಮಿತಿ ದಾಟಿದರೆ ಮುಖ ಕರಗಿಹೋಗುತ್ತದೆ. ಇದಕ್ಕೆ ಹಿಡಿಯುವ ಕಾಲ ನ್ಯಾನೊಸೆಕೆಂಡುಗಳಲ್ಲಿ. ಫ್ಯೂಸ್ ಎಚ್ಚರಗೊಳ್ಳಲು ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಎಲ್ಲ ಮುಗಿದು, ತಿಥಿಯೂ ಆಗಿರುತ್ತದೆ. ಉಲ್ಟಾ ವೋಲ್ಟೇಜ್ ಕೊಟ್ಟರಂತೂ ಹಲವು ಡಯೋಡುಗಳ ಸಹನೆ 2 ವೋಲ್ಟಿಗೇ ಮುಗಿಯುತ್ತದೆ. ಹಾಗಾಗಿ ಡಯೋಡಿಗೆ ಕರೆಂಟು ಉಣಿಸುವ ಸರ್ಕ್ಯೂಟು, ಅಂದರೆ ಡ್ರೈವರ್, ಮಾಡುವವನು ಸರಾಸರಿ ಕರೆಂಟಿನ ಬಗ್ಗೆ ಯೋಚಿಸಿ ಉಪಯೋಗವಿಲ್ಲ. ಒಮ್ಮೆ ಬಂದು ಹೋಗುವ, ಮೀಟರಿನ ಮುಳ್ಳಿಗೆ ಗೊತ್ತೇ ಆಗದ ಒಂದು ನೆಗೆತದ ಬಗ್ಗೆ ಯೋಚಿಸಬೇಕು.

ಷೆಡ್ಡಿನ ಯಜಮಾನರು ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ನಿವೃತ್ತರಾಗಿ ಬಂದವರು. ಸರ್ಕ್ಯೂಟ್ ಹೇಗೆ ಕೆಲಸ ಮಾಡುತ್ತದೆ ಎಂದು ಅವರು ಯಾರನ್ನೂ ಕೇಳಿದ್ದು ನನಗೆ ನೆನಪಿಲ್ಲ. ನಾವು ಯಾರು ಏನೇ ಬರೆದು ತಂದರೂ ಕೆಂಪು ಪೆನ್ಸಿಲ್ ತೆಗೆದು ಒಂದೊಂದೇ ತಂತಿಯ ಮೇಲೆ ಸಣ್ಣ ಗೀಟು ಹಾಕುವರು: "ಇದು ಕಡಿದರೆ?" ಉತ್ತರ ಎರಡೇ ಬಗೆ. ಕರೆಂಟು ಇಳಿಯುತ್ತದೆ ಅಥವಾ ಏರುತ್ತದೆ. ಇಳಿದರೆ ಮುಂದಿನ ತಂತಿ. ಏರಿದರೆ ಕಾಗದ ವಾಪಸ್ಸು.

ಉದಾಹರಣೆಗೆ ಕರೆಂಟು ಹೊಂದಿಸುವ ಪಾಟ್. ಒಂದು ತುದಿ ರೆಫರೆನ್ಸ್ ವೋಲ್ಟೇಜಿಗೆ, ಇನ್ನೊಂದು ಗ್ರೌಂಡಿಗೆ, ನಡುವಿನ ಕಾಲು ಆಪ್‌ಆಂಪಿಗೆ. ನಡುವಿನ ಕಾಲು ಎದ್ದರೆ ಆಪ್‌ಆಂಪಿನ ಇನ್‌ಪುಟ್ ಗಾಳಿಯಲ್ಲಿ ತೇಲುತ್ತದೆ, ಎಲ್ಲಿಗೆ ಹೋಗುತ್ತದೆ ಹೇಳಲಾಗದು. ಅಲ್ಲಿಂದ ಗ್ರೌಂಡಿಗೆ 1 ಮೆಗಾಓಮ್ ರೆಸಿಸ್ಟರ್ ಕಟ್ಟಿದರೆ ಸೊನ್ನೆಗಿಳಿಯುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಗ್ರೌಂಡಿನ ಕಾಲೇ ಬಿಟ್ಟುಕೊಂಡರೆ? ಆಗ ಪೂರಾ ರೆಫರೆನ್ಸ್ ವೋಲ್ಟೇಜ್ ನಡುಗಾಲಿಗೆ ಬಂದು ಕೂರುತ್ತದೆ, 1 ಮೆಗಾಓಮ್ ಅದನ್ನು ಎಳೆದು ಇಳಿಸಲಾರದು, ಡಯೋಡಿಗೆ ಪೂರಾ ಕರೆಂಟು. ಹಾಗಾದರೆ ಪಾಟ್ ಅನ್ನು ಎಷ್ಟೇ ತಿರುಗಿಸಿದರೂ ಡಯೋಡಿನ ಗರಿಷ್ಠ ಮಿತಿ ದಾಟದಂತೆ ಬೇರೆಯೇ ಒಂದು ತಡೆ ಬೇಕು. ಅದು ಪಾಟಿನ ದಾರಿಗೆ ಸಂಬಂಧವೇ ಇಲ್ಲದ ತಡೆಯಾಗಿರಬೇಕು.

ಬೆಳಕನ್ನೇ ಅಳೆದು ಕರೆಂಟು ಹೊಂದಿಸುವ ಸರ್ಕ್ಯೂಟಿನಲ್ಲಿ ಈ ಪ್ರಶ್ನೆ ಇನ್ನೂ ಚುರುಕಾಗುತ್ತದೆ. ಸಣ್ಣ ಡಯೋಡುಗಳಿಗೆ ಮೂರು ಕಾಲು. ಚಿಪ್ಪಿನ ಹಿಂಬದಿಗೆ ಒಂದು ಫೋಟೊಡಯೋಡ್ ಕೂರಿಸಿರುತ್ತಾರೆ. ಹಿಂದಿನಿಂದ ಸೋರುವ ಬೆಳಕನ್ನು ನೋಡಿ ಅದು ವರದಿ ಮಾಡುತ್ತದೆ, ಸರ್ಕ್ಯೂಟು ಕರೆಂಟನ್ನು ಹೆಚ್ಚುಕಡಿಮೆ ಮಾಡಿಕೊಳ್ಳುತ್ತದೆ. ಇದು ಬೇಕಾಗಿದ್ದೂ ಹೌದು. ಡಯೋಡ್ ಬಿಸಿಯಾದಂತೆ ಥ್ರೆಶೋಲ್ಡ್ ಮೇಲೇರುತ್ತದೆ, ತಣ್ಣಗಾದಂತೆ ಇಳಿಯುತ್ತದೆ, ಕೆಂಪು ಡಯೋಡುಗಳಲ್ಲಿ ಇನ್ನೂ ಜಾಸ್ತಿ. ಏಪ್ರಿಲ್ ಮಧ್ಯಾಹ್ನದ ಶೀಟಿನ ಕೆಳಗೆ ಹೊಂದಿಸಿಟ್ಟ ಸ್ಥಿರ ಕರೆಂಟು ಜನವರಿಯ ಬೆಳಗಿನ 15 ಡಿಗ್ರಿಯಲ್ಲಿ ಅದೇ ಡಯೋಡಿಗೆ ವಿಷ. ಸರಿ, ಫೋಟೊಡಯೋಡ್ ಬೇಕು. ಅದರ ತಂತಿ ಕಡಿದರೆ? ಬೆಳಕೇ ಇಲ್ಲವೆಂದು ಸರ್ಕ್ಯೂಟು ತಿಳಿಯುತ್ತದೆ. ಇನ್ನಷ್ಟು ಕೊಡು, ಇನ್ನಷ್ಟು ಕೊಡು ಎನ್ನುತ್ತದೆ. ನೆರವಿಗೆಂದು ಇಟ್ಟವನೇ ಕೊಲ್ಲುತ್ತಾನೆ.

ತಂಪು ಮಾಡುವ ಪೆಲ್ಟಿಯರ್ ಬಂದಾಗ ಇದೇ ಕಥೆ ಇನ್ನೊಂದು ವೇಷದಲ್ಲಿ. ಉಷ್ಣಾಂಶ ಅಳೆಯುವ ಥರ್ಮಿಸ್ಟರ್ ಸಾಮಾನ್ಯವಾಗಿ 25 ಡಿಗ್ರಿಯಲ್ಲಿ 10 ಕಿಲೋಓಮ್. ಚಳಿಯಾದಂತೆ ಓಮ್ ಏರುತ್ತದೆ. ತಂತಿ ಕಡಿದರೆ ಅನಂತ ಓಮ್, ಅಂದರೆ ಸರ್ಕ್ಯೂಟಿನ ಕಣ್ಣಿಗೆ ಭೀಕರ ಚಳಿ. ಪೆಲ್ಟಿಯರ್‌ನಲ್ಲಿ ಕರೆಂಟಿನ ದಿಕ್ಕು ಬದಲಿಸಿದರೆ ಅದೇ ಹೀಟರ್. ಪೂರಾ ಜೋರಿನಲ್ಲಿ ಡಯೋಡನ್ನು ಬೇಯಿಸುತ್ತದೆ. ತಂತಿ ಶಾರ್ಟ್ ಆದರೆ ಭೀಕರ ಸೆಕೆ ಎಂದು ತಿಳಿದು ಹೆಪ್ಪುಗಟ್ಟಿಸುತ್ತದೆ. ಬೆಂಗಳೂರಿನ ಜುಲೈನಲ್ಲಿ ಗಾಳಿಯ ಇಬ್ಬನಿ ಬಿಂದು 19-20 ಡಿಗ್ರಿಯ ಆಸುಪಾಸು. ಹೊರದೇಶದ ಕೈಪಿಡಿ ನೋಡಿಕೊಂಡು 15 ಡಿಗ್ರಿಗೆ ಇಟ್ಟವರ ಪೆಟ್ಟಿಗೆ ಬಿಚ್ಚಿದರೆ ಡಯೋಡಿನ ಗಾಜಿನ ಮೇಲೆ ನೀರ ಹನಿ ಕೂತಿರುತ್ತಿತ್ತು. ಮಳೆಗಾಲದಲ್ಲಿ 22ಕ್ಕಿಂತ ಕೆಳಗೆ ಹೋಗಬೇಡಿ ಎಂದು ನಾವು ಮುಚ್ಚಳದ ಮೇಲೇ ಬರೆಯತೊಡಗಿದೆವು.

ಇನ್ನು ಡಯೋಡಿನ ಸ್ವಂತ ತಂತಿ. ಇಲ್ಲಿ ಕಡಿದರೆ ಕರೆಂಟು ಸೊನ್ನೆ, ತೊಂದರೆಯೇನು ಎಂದು ಯಾರಿಗಾದರೂ ಅನ್ನಿಸಬಹುದು. ಯಜಮಾನರ ಪ್ರಶ್ನೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ: "ಕಡಿದದ್ದು ಮತ್ತೆ ಕೂಡಿಕೊಂಡರೆ?" ಆಪ್‌ಆಂಪ್, ಅದರ ಮುಂದೆ ಮಾಸ್‌ಫೆಟ್, ಕೆಳಗೆ ಕರೆಂಟು ಅಳೆಯುವ ರೆಸಿಸ್ಟರ್. ಕನೆಕ್ಟರ್ ಸಡಿಲವಾಗಿ ಕರೆಂಟು ನಿಂತೊಡನೆ ಆಪ್‌ಆಂಪ್ ಗೇಟನ್ನು ತನ್ನ ಶಕ್ತಿಯಿದ್ದಷ್ಟೂ ಎಳೆದು ಹಿಡಿಯುತ್ತದೆ. ಮುಚ್ಚಿದ ಬಾಗಿಲಿಗೆ ಮೈಭಾರವೆಲ್ಲ ಬಿಟ್ಟು ನೂಕುತ್ತಿರುವವನು, ಒಳಗಿನವರು ತಟ್ಟನೆ ಚಿಲಕ ತೆಗೆದಾಗ ಮುಗ್ಗರಿಸಿ ನಡುಮನೆಗೇ ಬೀಳುವ ಹಾಗೆ, ಕನೆಕ್ಟರ್ ಮರಳಿ ತಗುಲಿದ ಕ್ಷಣ ಸಪ್ಲೈಯಲ್ಲಿ ಇರುವುದೆಲ್ಲ ಡಯೋಡಿನ ಮೇಲೆ. ಆಪ್‌ಆಂಪ್ ಸಾವರಿಸಿಕೊಂಡು ಗೇಟನ್ನು ಇಳಿಸಲು ಕೆಲವು ಮೈಕ್ರೋಸೆಕೆಂಡು ಬೇಕು, ಡಯೋಡಿಗೆ ಅಷ್ಟು ಪುರಸತ್ತಿಲ್ಲ. ನಮ್ಮಲ್ಲಿಗೆ ಬಂದ ಹೆಣಗಳಲ್ಲಿ ಬಹುಪಾಲಿಗೆ ಇದೇ ಕಾರಣ ಎಂದು ನನ್ನ ಅಂದಾಜು. ಕೇಬಲ್ ಅಲ್ಲಾಡಿಸಿದಾಗ ಒಮ್ಮೆ ಆರಿ ಹೊತ್ತಿಕೊಂಡಿತು, ಆಮೇಲೆ ಡಿಮ್ ಆಯಿತು ಎಂಬ ವರ್ಣನೆ ಕೇಳಿದರೆ ಗ್ರಾಫ್ ಹಾಕುವ ಅಗತ್ಯವೂ ಬೀಳುತ್ತಿರಲಿಲ್ಲ.

ಆಗ ಎಲ್ಲರ ಅಚ್ಚುಮೆಚ್ಚು ಎಲ್‌ಎಂ317. ಮೂರು ಕಾಲಿನ ರೆಗ್ಯುಲೇಟರ್, ಒಂದು ರೆಸಿಸ್ಟರ್; 1.25 ವೋಲ್ಟನ್ನು ರೆಸಿಸ್ಟರಿನಿಂದ ಭಾಗಿಸಿದರೆ ಕರೆಂಟು ಎಷ್ಟೆಂದು ಬಂತು. ಎಸ್.ಪಿ. ರಸ್ತೆಯಲ್ಲಿ ಎಲ್ಲಿ ಕೇಳಿದರೂ ಸಿಗುತ್ತಿತ್ತು. ನಾನು ಅದರ ವಿರೋಧಿಯಲ್ಲ. ಎಲ್‌ಇಡಿಗೆ, ಬ್ಯಾಟರಿ ಚಾರ್ಜರಿಗೆ ಅದರಂಥದ್ದಿಲ್ಲ. ಆದರೆ ಸ್ವಿಚ್ ಹಾಕಿದ ಕ್ಷಣದಲ್ಲಿ ಅದು ಏನು ಮಾಡುತ್ತದೆ ಎಂಬುದನ್ನು ಆಸಿಲೊಸ್ಕೋಪಿನಲ್ಲಿ ಒಮ್ಮೆ ನೋಡಿದವರು ದುಬಾರಿ ಡಯೋಡನ್ನು ಅದಕ್ಕೆ ಒಪ್ಪಿಸಲಾರರು.

ಅದಕ್ಕೇ ನಮ್ಮಲ್ಲಿ ಯಾವ ಡ್ರೈವರೂ ನಿಜವಾದ ಲೇಸರಿನ ಮುಖ ನೋಡುವ ಮೊದಲು ಹುಸಿ ಲೇಸರಿನ ಜೊತೆ ಕೆಲವು ದಿನ ಕಳೆಯಬೇಕಾಗಿತ್ತು. ಮೂರು 1ಎನ್4007 ಡಯೋಡ್ ಸಾಲಾಗಿ, ಜೊತೆಗೊಂದು 1 ಓಮ್ ರೆಸಿಸ್ಟರ್. ರೆಸಿಸ್ಟರಿನ ಮೇಲೆ ಸ್ಕೋಪ್. ಪ್ಲಗ್ ಹಾಕು, ಕೀಳು, ಹಾಕು, ಕೀಳು. ಅದೇ ಬೋರ್ಡಿಗೆ ಹಳೆಯ ತಾಮ್ರದ ಚೋಕಿನ ಟ್ಯೂಬ್‌ಲೈಟು, ರೆಗ್ಯುಲೇಟರ್ ಗುಂಯ್‌ಗುಡುವ ಒಂದು ಸೀಲಿಂಗ್ ಫ್ಯಾನು. ಟ್ಯೂಬ್‌ಲೈಟು ಹೊತ್ತಿಕೊಳ್ಳುವಾಗ ಕಣ್ಣು ಮಿಟುಕಿಸಿದಷ್ಟೂ ಸಲ ಸ್ಕೋಪಿನ ಗೆರೆಯಲ್ಲಿ ಮುಳ್ಳು ಏಳುತ್ತಿತ್ತು. ಆ ಮುಳ್ಳು ಸಪ್ಲೈಯಲ್ಲಿ ಎದ್ದರೆ ಪರವಾಗಿಲ್ಲ, ಹುಸಿ ಲೇಸರಿನಲ್ಲಿ ಕಾಣಬಾರದು. ಬಹಳ ವರ್ಷದ ನಂತರ, 2002ರಲ್ಲಿ, ಲೀನಿಯರ್ ಟೆಕ್ನಾಲಜಿಗಾಗಿ ಜಿಮ್ ವಿಲಿಯಮ್ಸ್ ಬರೆದ ಲೇಸರ್ ಕರೆಂಟ್ ಸೋರ್ಸುಗಳ ಅಪ್ಲಿಕೇಶನ್ ನೋಟ್ ಕೈಗೆ ಬಂತು. ಲೇಸರಿನ ಬದಲು ಹುಸಿ ಲೋಡ್ ಕಟ್ಟಿಕೊಳ್ಳುವುದು ಹೇಗೆಂಬುದಕ್ಕೆ ಅದರಲ್ಲಿ ಒಂದು ಅನುಬಂಧವೇ ಇತ್ತು. ಓದಿ ಯಜಮಾನರಿಗೆ ಕೊಟ್ಟೆ. ಅವರು ಪುಟ ತಿರುವಿ, "ಟ್ಯೂಬ್‌ಲೈಟ್ ಮರೆತಿದ್ದಾನೆ" ಎಂದರು.

ಅವರ ಮಾತಿನಲ್ಲಿ ಕೊಂಕಿದ್ದರೂ ಸತ್ಯವಿತ್ತು. ನಾವು ಸರ್ಕ್ಯೂಟು ಬರೆಯುತ್ತಿದ್ದುದು ಕೆಇಬಿಯ ಕರೆಂಟಿಗೆ. ಲೋಡ್‌ಶೆಡ್ಡಿಂಗ್ ದಿನಚರಿಯ ಭಾಗ. ಬೇಸಿಗೆಯಲ್ಲಿ ಹೇಳಿ ಹೋಗುತ್ತಿತ್ತು, ಮಳೆಗಾಲದಲ್ಲಿ ಹೇಳದೆ ಹೋಗುತ್ತಿತ್ತು. ಹೋದದ್ದು ಒಂದೇ ಸಲ ಬರುವುದೂ ಇಲ್ಲ, ಎರಡು ಮೂರು ಸಲ ಇಣುಕಿ ನೋಡಿ ಆಮೇಲೆ ಬಂದು ಕೂರುವುದು. ಹೊರದೇಶದ ಪುಸ್ತಕಗಳಲ್ಲಿ ಮೆತ್ತಗೆ ಶುರುವಾಗುವುದರ ಬಗ್ಗೆ ಪುಟಗಟ್ಟಲೆ ಇರುತ್ತಿತ್ತು, ಅರ್ಧ ದಾರಿಯಲ್ಲಿ ನಿಂತುಹೋಗುವುದರ ಬಗ್ಗೆ ಹೆಚ್ಚಿಗೆ ಇರುತ್ತಿರಲಿಲ್ಲ. ಆಪ್‌ಆಂಪಿಗೆ ಪ್ಲಸ್, ಮೈನಸ್ ಎರಡು ಸಪ್ಲೈ ಇರುತ್ತವೆ. ಕರೆಂಟು ಹೋದಾಗ ಎರಡೂ ಒಟ್ಟಿಗೆ ಇಳಿಯುತ್ತವೆಂಬ ಭರವಸೆ ಇಲ್ಲ. ಮೈನಸ್ ಮೊದಲು ಕುಸಿದರೆ ಆಪ್‌ಆಂಪಿನ ಔಟ್‌ಪುಟ್ ಅಡ್ಡಾದಿಡ್ಡಿ ನೆಗೆಯಬಹುದು. ದೊಡ್ಡ ಫಿಲ್ಟರ್ ಕೆಪ್ಯಾಸಿಟರ್‌ಗಳಲ್ಲಿ ಆ ಹೊತ್ತಿಗೂ ಡಯೋಡನ್ನು ಹತ್ತು ಸಲ ಕೊಲ್ಲುವಷ್ಟು ಚಾರ್ಜು ಉಳಿದಿರುತ್ತದೆ.

ನಮ್ಮ ಪರಿಹಾರ ಹೀಗಿತ್ತು. ಡಯೋಡಿನ ಎರಡು ಕಾಲಿಗೆ ಅಡ್ಡಲಾಗಿ ಒಂದು ರಿಲೇ, ಕರೆಂಟು ಇಲ್ಲದಾಗ ಕೂಡಿಕೊಂಡಿರುವ ಜಾತಿಯದು. ಪೆಟ್ಟಿಗೆ ಕಪಾಟಿನಲ್ಲಿದ್ದಾಗಲೂ, ಲಾರಿಯಲ್ಲಿ ಹೋಗುವಾಗಲೂ ಡಯೋಡಿನ ಕಾಲುಗಳು ಶಾರ್ಟ್ ಆಗಿಯೇ ಇರುತ್ತವೆ. ಸ್ವಿಚ್ ಹಾಕಿದರೆ ಮೊದಲು ಸಪ್ಲೈಗಳು ನೆಲೆಗೊಳ್ಳಬೇಕು, ಹೊಂದಿಕೆ ಸೊನ್ನೆಯಲ್ಲಿರಬೇಕು, ಆಮೇಲೆ ರಿಲೇ ಬಿಡಬೇಕು, ಆಮೇಲೆ ಕರೆಂಟು ನಿಧಾನ ಏರಬೇಕು. ಆರಿಸುವಾಗ ಇದರ ತಿರುಗುಮುರುಗು. ಆದರೆ ಕರೆಂಟು ಹೋದಾಗ ರಿಲೇಯನ್ನು ನಂಬಿ ಕೂರುವಂತಿಲ್ಲ. ಅದು ಬೀಳಲು ಕೆಲವು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ, ಬಿದ್ದ ಮೇಲೂ ಕುಣಿಯುತ್ತದೆ. ಹಾಗಾಗಿ ಜೊತೆಗೊಂದು ಜೆಫೆಟ್. ಗೇಟಿಗೆ ಏನೂ ಕೊಡದಿದ್ದಾಗ ತಾನಾಗಿ ಹರಿಯಬಿಡುವುದು ಅದರ ಹುಟ್ಟುಗುಣ. ಅದನ್ನು ಹೊಂದಿಕೆಯ ವೋಲ್ಟೇಜಿಗೂ ಗ್ರೌಂಡಿಗೂ ನಡುವೆ ಇಟ್ಟರೆ, ಪವರ್ ಇಲ್ಲದ ಸ್ಥಿತಿಯಲ್ಲಿ ಹೊಂದಿಕೆ ಸೊನ್ನೆಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಉಪಾಯ, ಡಿಸಿಯನ್ನು ನೋಡದೆ ಟ್ರಾನ್ಸ್‌ಫಾರ್ಮರಿನ ಎಸಿಯನ್ನೇ ನೋಡುವುದು. 50 ಹರ್ಟ್ಸ್‌ನಲ್ಲಿ ಅರ್ಧ ಅಲೆಗೆ 10 ಮಿಲಿಸೆಕೆಂಡು. ಒಂದು ಅರ್ಧ ಅಲೆ ತಪ್ಪಿತೆಂದರೆ ಕರೆಂಟು ಹೋಯಿತೆಂದೇ ಲೆಕ್ಕ. ಕೆಪ್ಯಾಸಿಟರ್‌ಗಳಲ್ಲಿ ಇನ್ನೂ ಜೀವ ಇರುವಾಗಲೇ ಲೇಸರನ್ನು ಮರ್ಯಾದೆಯಿಂದ ಇಳಿಸಿಬಿಡಬಹುದು. ನನ್ನ ಪ್ರಕಾರ ಆ ಪೆಟ್ಟಿಗೆಯಲ್ಲಿದ್ದ ಅತ್ಯಂತ ಜಾಣ ಭಾಗ ಇದು. ಕೆಲವೇ ರೂಪಾಯಿಯ ಕೆಲಸ.

ಮಳೆ ನಿಂತು ಚಳಿ ಶುರುವಾದರೆ ಶತ್ರು ಬೇರೆ. ಜನವರಿ, ಫೆಬ್ರವರಿಯ ಒಣಗಾಳಿ, ಪಾಲಿಸ್ಟರ್ ಶರ್ಟು, ಪ್ಲಾಸ್ಟಿಕ್ ಕುರ್ಚಿ. ಎದ್ದು ಬಾಗಿಲ ಹಿಡಿ ಮುಟ್ಟಿದರೆ ಚುರ್ ಎನ್ನುತ್ತಿತ್ತು. ಬೆರಳಿಗೆ ಗೊತ್ತಾಗುವಷ್ಟು ಸ್ಥಾಯೀ ವಿದ್ಯುತ್ತು ಎಂದರೆ ಆಗಲೇ ಸಾವಿರಾರು ವೋಲ್ಟು. ಮಣಿಕಟ್ಟಿಗೆ ಪಟ್ಟಿ ಕಟ್ಟಿ 1 ಮೆಗಾಓಮ್ ಮೂಲಕ ಅರ್ತಿಗೆ ಸೇರಿಸಿಕೊಳ್ಳಿ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಅರ್ತ್ ಎಲ್ಲಿದೆ ಎಂಬುದೇ ಇಲ್ಲಿಯ ಪ್ರಶ್ನೆ. ಮೂರು ತೂತಿನ ಸಾಕೆಟ್ಟಿನ ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲದ ಕಟ್ಟಡಗಳನ್ನು ನೋಡಿದ್ದೇನೆ. ಗಿರಾಕಿಯ ಪ್ರಯೋಗಾಲಯಕ್ಕೆ ಹೋದರೆ ಪೆಟ್ಟಿಗೆ ತೆರೆಯುವ ಮೊದಲು ನ್ಯೂಟ್ರಲ್‌ಗೂ ಅರ್ತಿಗೂ ನಡುವಿನ ವೋಲ್ಟೇಜ್ ಅಳೆಯುವುದು ನಮ್ಮ ಪದ್ಧತಿಯಾಯಿತು. ನಮ್ಮ ಷೆಡ್ಡಿನ ಹಿಂದೆ ಉಪ್ಪು, ಇದ್ದಿಲು ತುಂಬಿದ ಅರ್ತ್ ಪಿಟ್ ಇತ್ತು. ಬೇಸಿಗೆಯಲ್ಲಿ ಡಯೋಡ್ ಬೆಸುಗೆ ಹಾಕುವ ಕೆಲಸವಿದ್ದರೆ ಬೆಳಿಗ್ಗೆ ಎರಡು ಬಿಂದಿಗೆ ನೀರು ಅದಕ್ಕೆ. ನೋಡಿದವರು ಗಿಡ ಯಾವುದೆಂದು ಕೇಳುತ್ತಿದ್ದರು.

ಇಷ್ಟೆಲ್ಲ ಡಯೋಡ್ ಬದುಕಿಸುವ ಪಾಡಾಯಿತು. ಅದನ್ನು ಅಲ್ಲಾಡದಂತೆ ನಿಲ್ಲಿಸುವುದು ಬೇರೆಯೇ ವಿದ್ಯೆ ಎಂದು ತಿಳಿದದ್ದು ನಗರದ ಒಂದು ಭೌತಶಾಸ್ತ್ರ ಪ್ರಯೋಗಾಲಯದವರು 780 ನ್ಯಾನೊಮೀಟರಿನ ಡ್ರೈವರ್ ಕೇಳಿಕೊಂಡು ಬಂದಾಗ. ಸಿಡಿ ಪ್ಲೇಯರಿನ ಬಣ್ಣವೂ ರುಬಿಡಿಯಂ ಪರಮಾಣು ಹೀರಿಕೊಳ್ಳುವ ಬಣ್ಣವೂ, 780.24 ನ್ಯಾನೊಮೀಟರ್, ಹೀಗೆ ಪಕ್ಕಪಕ್ಕಕ್ಕೆ ಬಂದದ್ದು ಪರಮಾಣು ಭೌತಶಾಸ್ತ್ರಕ್ಕೆ ಒದಗಿದ ದೊಡ್ಡ ಅದೃಷ್ಟ. ಲಕ್ಷಾಂತರ ಬೆಲೆಯ ಲೇಸರುಗಳ ಕೆಲಸ ಅಂಗಡಿಯ ಡಯೋಡಿನಲ್ಲಿ ಆಗತೊಡಗಿತು. ಆದರೆ ಆ ರುಬಿಡಿಯಂ ಗೆರೆಯ ಸಹಜ ಅಗಲ 6 ಮೆಗಾಹರ್ಟ್ಸ್ ಮಾತ್ರ. ಬೆಳಕಿನ ಆವರ್ತನ 384 ಟೆರಾಹರ್ಟ್ಸ್. ಕರೆಂಟು ಒಂದು ಮೈಕ್ರೋಆಂಪಿಯರ್ ಹೊಯ್ದಾಡಿದರೆ ಲೇಸರ್ ಕೆಲವು ಮೆಗಾಹರ್ಟ್ಸ್ ಸರಿಯುತ್ತದೆ. ಉಷ್ಣಾಂಶ ಡಿಗ್ರಿಯ ಸಾವಿರದಲ್ಲೊಂದು ಪಾಲು ಬದಲಾದರೆ ಸುಮಾರು 30 ಮೆಗಾಹರ್ಟ್ಸ್. 100 ಮಿಲಿಆಂಪಿಯರ್ ಹರಿಯುವಲ್ಲಿ ಒಂದು ಮೈಕ್ರೋಆಂಪಿಯರ್ ಎಂದರೆ ಲಕ್ಷಕ್ಕೆ ಒಂದು. ನಾವು ಆವರೆಗೆ ಮಾಡುತ್ತಿದ್ದ ಡ್ರೈವರ್‌ಗಳ ಮುಂದೆ ಸೀಲಿಂಗ್ ಫ್ಯಾನ್ ತಿರುಗಿದರೇ ಅಷ್ಟು ಬದಲಾಗುತ್ತಿತ್ತು.

ಅವರೇ ಒಂದು ಲೇಖನದ ಜೆರಾಕ್ಸ್ ತಂದಿದ್ದರು. 1993ರಲ್ಲಿ ಕೆನೆತ್ ಲಿಬ್ರೆಕ್ಟ್ ಮತ್ತು ಜಾನ್ ಹಾಲ್ ಬರೆದದ್ದು. ಕಡಿಮೆ ಗದ್ದಲದ, ಚುರುಕಿನ ಕರೆಂಟ್ ಕಂಟ್ರೋಲರ್. ಇಂದಿಗೂ ಜಗತ್ತಿನ ಬಹಳ ಪ್ರಯೋಗಾಲಯಗಳ ಡ್ರೈವರ್‌ಗಳ ಮೂಲ ಅದೇ. ಹಾಲ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಲಿಬ್ರೆಕ್ಟ್ ಅವರ ಹೆಸರು ಮುಂದೆ ಹಿಮದ ಹರಳುಗಳ ಅಧ್ಯಯನಕ್ಕೆ ಪ್ರಸಿದ್ಧವಾಯಿತು. ಅವರ ಹಿಮದ ಫೋಟೊಗಳನ್ನು ಮೆಚ್ಚಿದ ಎಷ್ಟೋ ಮಂದಿಗೆ ಈ ಸರ್ಕ್ಯೂಟಿನ ಸುದ್ದಿಯೇ ಗೊತ್ತಿರಲಾರದು. ನನಗೆ ಅವರು ಸರ್ಕ್ಯೂಟಿನವರೇ.

ಅಲ್ಲಿಂದ ಶುರುವಾಯಿತು ಬಿಡಿಭಾಗಗಳ ಬೇಟೆ. ಕರೆಂಟು ಅಳೆಯುವ ರೆಸಿಸ್ಟರ್ ಬಿಸಿಯಾದರೂ ತನ್ನ ಓಮ್ ಬಿಟ್ಟುಕೊಡಬಾರದು. ಡಿಗ್ರಿಗೆ ದಶಲಕ್ಷದಲ್ಲಿ ಕೆಲವೇ ಪಾಲು ಬದಲಾಗುವ ಫಾಯಿಲ್ ರೆಸಿಸ್ಟರ್ ಹೊರದೇಶದಿಂದ ಬರಬೇಕು. ರೆಫರೆನ್ಸಿಗೆ ಎಲ್‌ಎಂ399. ಇದರೊಳಗೆ ಒಂದು ಪುಟ್ಟ ಹೀಟರ್ ಇದೆ; ಹೊರಗೆ ಎಂಥ ಹವೆಯಿದ್ದರೂ ತನ್ನ ಝೀನರನ್ನು ತಾನೇ ಬೆಚ್ಚಗಿಟ್ಟುಕೊಂಡು ಸುಮಾರು 7 ವೋಲ್ಟಿನಲ್ಲಿ ಕದಲದೆ ಕೂರುತ್ತದೆ. ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯಿಂದಲೇ ಹೊರಗೆ ಹಾಕಿದೆವು, ಅದರ 50 ಹರ್ಟ್ಸ್ ಗುಂಯ್‌ಗುಡುವಿಕೆ ತಾಮ್ರದ ಪ್ರತಿ ಕುಣಿಕೆಯಲ್ಲೂ ನುಗ್ಗುತ್ತಿತ್ತು. ಪೆಲ್ಟಿಯರಿಗೆ ಸ್ವಿಚಿಂಗ್ ಡ್ರೈವ್ ಬೇಡ, ಬಿಸಿಯಾದರೂ ಲೀನಿಯರ್ ಇರಲಿ ಎಂದಾಯಿತು. ಡಯೋಡಿನ ಲೋಹದ ಟೋಪಿ ಆ ಮಾದರಿಯಲ್ಲಿ ಆನೋಡಿಗೆ ಸೇರಿತ್ತು. ಟೋಪಿ ಹಿಡಿಕೆಗೆ, ಹಿಡಿಕೆ ಮೇಜಿಗೆ, ಮೇಜು ಅರ್ತಿಗೆ. ಹಾಗಾದರೆ ಸಪ್ಲೈಯ ಪ್ಲಸ್ ತುದಿಯೇ ಅರ್ತ್. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳದೆ ಮಾಡಿದ ಡ್ರೈವರ್ ಮೇಜಿನ ಮೇಲೆ ಇಟ್ಟ ದಿನವೇ ಹೊಗೆ.

ಸುರಕ್ಷತೆಗೂ ಸ್ಥಿರತೆಗೂ ಜಗಳ ಶುರುವಾದದ್ದು ಆಗ. ಡಯೋಡಿನ ರಕ್ಷಣೆಗೆ ಕಾಲುಗಳ ನಡುವೆ ಒಂದು ಕೆಪ್ಯಾಸಿಟರ್, ಉಲ್ಟಾ ದಿಕ್ಕಿಗೆ ಒಂದು ಶಾಟ್ಕಿ ಡಯೋಡ್, ಒಂದು ರಿಲೇ. ಪ್ರಯೋಗಾಲಯದವರಿಗೋ ಲೇಸರನ್ನು ಪರಮಾಣುವಿನ ಗೆರೆಗೆ ಕಟ್ಟಿಹಾಕಲು ಮೆಗಾಹರ್ಟ್ಸ್ ವೇಗದಲ್ಲಿ ಕರೆಂಟು ತಿದ್ದಬೇಕು. ಕೆಪ್ಯಾಸಿಟರ್ ಆ ತಿದ್ದುಪಡಿಯನ್ನೆಲ್ಲ ನುಂಗುತ್ತದೆ. ಶಾಟ್ಕಿ ಸಹ ಬಿಸಿಯಾದಂತೆ ಒಂದಿಷ್ಟು ಸೋರುತ್ತದೆ, ರಿಲೇಯ ತಂತಿ ಆಂಟೆನಾ ಆಗುತ್ತದೆ. ಅವರ ಹುಡುಗರು ನಮ್ಮ ಪೆಟ್ಟಿಗೆ ಬಿಚ್ಚಿ ಒಂದೊಂದೇ ರಕ್ಷಣೆ ಕತ್ತರಿಸಿ ಗದ್ದಲ ಎಷ್ಟು ಇಳಿಯಿತೆಂದು ಅಳೆಯುತ್ತಿದ್ದರು. ನಾವು ಮತ್ತೆ ಹಾಕಿ ಕಳಿಸುತ್ತಿದ್ದೆವು. ಕೊನೆಗೆ ಒಪ್ಪಂದಕ್ಕೆ ಬಂದದ್ದು ಹೀಗೆ: ನಿಧಾನದ ಕರೆಂಟಿಗೆ ಎಲ್ಲ ಕಾವಲೂ ಇರುವ ಒಂದು ದಾರಿ, ವೇಗದ ತಿದ್ದುಪಡಿಗೆ ಡಯೋಡಿನ ಪಕ್ಕದಲ್ಲೇ ಬೇರೆ ದಾರಿ, ಆದರೆ ಅದರಲ್ಲಿ ಒಂದೆರಡು ಮಿಲಿಆಂಪಿಯರ್ ಮೀರಿ ಹರಿಯುವುದು ಭೌತಿಕವಾಗಿಯೇ ಅಸಾಧ್ಯವಾಗುವಂಥ ರೆಸಿಸ್ಟರ್. ಗರಿಷ್ಠ ಮಿತಿಯನ್ನು ಅಷ್ಟೇ ಕೆಳಗೆ ಇಳಿಸಿಕೊಳ್ಳಬೇಕು. ಯಾರಿಗೂ ಪೂರ್ತಿ ತೃಪ್ತಿಯಾಗಲಿಲ್ಲ. ಡಯೋಡ್ ಬಾಳಿತು.

ಕಣ್ಣಿನ ವಿಚಾರಕ್ಕೆ ಬಂದರೆ ನನಗೆ ರಾಜಿಯೇ ಇಲ್ಲ. 808 ನ್ಯಾನೊಮೀಟರಿನ ಡಯೋಡುಗಳನ್ನು ಬೇರೆ ಲೇಸರುಗಳಿಗೆ ಪಂಪ್ ಆಗಿ ಬಳಸುತ್ತಾರೆ, ವ್ಯಾಟುಗಟ್ಟಲೆ ಬರುತ್ತವೆ. ಕಣ್ಣಿಗೆ ಕಾಣುವುದು ಮಂಕು ಕೆಂಪು, ಅಷ್ಟೇನಾ ಎಂದು ಬಗ್ಗಿ ನೋಡುವಂತೆ ಮಾಡುತ್ತದೆ. ಕಣ್ಣು ಕೋರೈಸದೆ ರೆಪ್ಪೆ ಮುಚ್ಚುವುದಿಲ್ಲ, ಕಣ್ಣಿನ ಮಸೂರ ಮಾತ್ರ ತನ್ನ ಕೆಲಸ ಮರೆಯದೆ ಅದನ್ನೆಲ್ಲ ರೆಟಿನಾದ ಒಂದು ಬಿಂದುವಿಗೆ ತಂದಿಡುತ್ತದೆ. ಐಇಸಿ 60825 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಅರ್ಧ ವ್ಯಾಟು ದಾಟಿದ್ದು 4ನೇ ದರ್ಜೆ. ಬೀಗದಕೈ ಬೇಕು, ಬಾಗಿಲಿಗೆ ಇಂಟರ್‌ಲಾಕ್ ಬೇಕು, ಎಚ್ಚರಿಕೆಯ ದೀಪ ಬೇಕು. ನಾವು ದೀಪ ಹೊತ್ತಿದ ಮೇಲೆ ಲೇಸರ್ ಬರಲು ಕೆಲವು ಸೆಕೆಂಡು ತಡವನ್ನೂ ಇಟ್ಟೆವು. ಇಂಟರ್‌ಲಾಕ್ ಎಂದರೆ ಪೆಟ್ಟಿಗೆಯ ಹಿಂದಿನ ಎರಡು ಪಿನ್ನು. ಬಾಗಿಲ ಸ್ವಿಚ್ ಮುಚ್ಚಿದಾಗ ಅವು ಕೂಡುತ್ತವೆ. ಸರ್ವಿಸಿಗೆ ಹೋದಾಗ ನೋಡಿದರೆ ಬಹಳ ಕಡೆ ಆ ಪಿನ್ನುಗಳಿಗೆ ತಂತಿಯ ತುಂಡು ಸುತ್ತಿರುತ್ತಿತ್ತು, ಬಾಗಿಲು ಹಾರು ಹೊಡೆದಿರುತ್ತಿತ್ತು. ಬೋರ್ಡು ಬರೆದು ಹಾಕಿದರೆ ಓದುವವರು ಯಾರು? ಬಾಗಿಲ ಸ್ವಿಚ್ಚಿನೊಳಗೇ ಒಂದು ರೆಸಿಸ್ಟರ್ ಅಡಗಿಸಿ, ಆ ಓಮ್ ಇದ್ದರೆ ಮಾತ್ರ ಲೇಸರ್ ಬರುವಂತೆ ಮಾಡಿದೆವು. ತಂತಿ ಸುತ್ತಿದರೂ ಬರುವುದಿಲ್ಲ, ಬಿಚ್ಚಿದರೂ ಬರುವುದಿಲ್ಲ. ಆಮೇಲೆ ಕೆಲವು ದಿನ ಬಂದ ಫೋನುಗಳೆಲ್ಲ ಬೈಗುಳವೇ.

ಈಗ ಇದೆಲ್ಲ ಒಂದು ಚಿಪ್ಪಿನಲ್ಲಿ ಸಿಗುತ್ತದೆ, ಇಲ್ಲವೇ ಮೈಕ್ರೋಕಂಟ್ರೋಲರ್ ನೋಡಿಕೊಳ್ಳುತ್ತದೆ. ಈಚೆಗೆ ಎಂಜಿನಿಯರಿಂಗ್ ಓದುವ ಒಬ್ಬ ಹುಡುಗ ತನ್ನ ಡ್ರೈವರಿನ ನಕ್ಷೆ ತೋರಿಸಲು ಬಂದ. ಚೆನ್ನಾಗಿತ್ತು. ಫೋಟೊಡಯೋಡ್ ಕಡಿದರೆ, ಥರ್ಮಿಸ್ಟರ್ ಕಡಿದರೆ, ಎಲ್ಲವನ್ನೂ ಫರ್ಮ್‌ವೇರ್ ನೋಡಿಕೊಳ್ಳುತ್ತದೆ ಎಂದ. ಫರ್ಮ್‌ವೇರ್ ಏಳುವ ಮೊದಲು ಎಂದು ಕೇಳಿದೆ. ಕರೆಂಟು ಬಂದು ಮೈಕ್ರೋಕಂಟ್ರೋಲರ್ ಮೊದಲ ಸಾಲು ಓದುವವರೆಗೆ ಅದರ ಪಿನ್ನುಗಳು ಯಾರ ಮಾತೂ ಕೇಳುವುದಿಲ್ಲ. ಮಾಸ್‌ಫೆಟ್ ಗೇಟಿಗೆ ಇಳಿಸುವ ರೆಸಿಸ್ಟರ್ ಇರಲೇಬೇಕು. ಹಾಕಿದ್ದ, ಶಭಾಷ್. ಕರೆಂಟು ಹೊಂದಿಸಲು ಅವನು ಇಟ್ಟಿದ್ದು ಡ್ಯಾಕ್8563 ಎಂಬ ಚಿಪ್ಪು. ಡೇಟಾಶೀಟ್ ತೆಗೆಸಿದೆ. ಇದಕ್ಕೆ ಒಂದು ಒಡಹುಟ್ಟು ಇದೆ, ಡ್ಯಾಕ್8562. ಕಾಲುಗಳು ಅವೇ, ನಿಖರತೆ ಅದೇ. ಪವರ್ ಬಂದಾಗ 8562 ಸೊನ್ನೆಯಲ್ಲಿ ಏಳುತ್ತದೆ. 8563 ನಟ್ಟನಡುವೆ, ಪೂರಾ ಅಳತೆಯ ಅರ್ಧದಲ್ಲಿ ಏಳುತ್ತದೆ. ಪ್ಲಸ್-ಮೈನಸ್ ಎರಡೂ ಕಡೆ ಓಡುವ ಮೋಟಾರಿಗೆ ನಡು ಎಂದರೆ ಸೊನ್ನೆ, ಅದಕ್ಕೇ ಹಾಗೆ ಮಾಡಿದ್ದಾರೆ. ಲೇಸರಿಗೆ ನಡು ಎಂದರೆ ಅರ್ಧ ಕರೆಂಟು, ಯಾರೂ ಕೇಳದೆ ಇರುವಾಗ.

ಇಬ್ಬರೂ ಎಸ್.ಪಿ. ರಸ್ತೆಗೆ ಹೋದೆವು. ಬಿಡಿಭಾಗ ತರಿಸಿಕೊಡುವ ಅಂಗಡಿಯವನು ಕಂಪ್ಯೂಟರ್ ನೋಡಿ, 62 ಇಲ್ಲ, ಮೂರು ವಾರ ಆಗುತ್ತದೆ, 63 ಬೇಕಾದರೆ ಈಗಲೇ ಕೊಡುತ್ತೇನೆ ಎಂದ. "ಎರಡೂ ಒಂದೇ ಸಾರ್, ಕೊನೇ ನಂಬರ್ ಮಾತ್ರ ಬೇರೆ." ಹುಡುಗ ಪರ್ಸ್ ತೆಗೆದು 62ಕ್ಕೆ ಅಡ್ವಾನ್ಸ್ ಎಣಿಸಿಕೊಟ್ಟ.